ಮೊದಲ ಸ್ಲೈಡಿನ ನಾಲ್ಕನೆಯ ಹೆಸರು

ಕತೆ ಹೇಳಿ ನನಗೆ ಅಭ್ಯಾಸವಿಲ್ಲ. ಡಿಪ್ಲೊಮಾ ಓದುವವರಿಗೆ ಪ್ರೋಗ್ರಾಮಿಂಗ್ ಕಲಿಸುವವನು ನಾನು. ಒಂದು ಮಾತಿಗೆ ಮೂರು ವಿವರಣೆ ಕೊಡುವುದು ನನ್ನ ರೂಢಿ. ಕೆಟ್ಟದಾಗಿ ಹೇಳಿದರೆ ಕ್ಷಮಿಸಬೇಕು.

ಎರಡನೆಯ ವರ್ಷದ ದಾಕ್ಷಾಯಣಿ ಬಂದು ಕೇಳಿದಳು: "ಸರ್, ಗುಂಪಿನಲ್ಲಿ ಒಂದು ಸಾಲೂ ಪ್ರೋಗ್ರಾಂ ಬರೆಯದವಳು, ಮೊದಲ ಸ್ಲೈಡಿನಲ್ಲಿ ತನ್ನ ಹೆಸರು ಹಾಕಿ ಅಂತ ಕೇಳಬಹುದಾ?"

ಮರುದಿನವೇ ಅವಳ ಗುಂಪಿನ ಪ್ರೆಸೆಂಟೇಶನ್ ಇತ್ತು. ಮೊದಲ ಸ್ಲೈಡಿನಲ್ಲಿ ಹೆಸರಿದ್ದವರಿಗೆ ಮಾತ್ರ ಅಂಕ. ಇದನ್ನು ಹೇಳದಿದ್ದರೆ ಪ್ರಶ್ನೆಯ ಭಾರ ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ. ನಾನು ಅವಳಿಗೆ ಈ ಕತೆ ಹೇಳಿದೆ.

ಒಂದು ತರಗತಿಯಲ್ಲಿ ನಾಲ್ವರ ಗುಂಪಿತ್ತು. ಮೂವರು ಹುಡುಗರು, ಒಬ್ಬಳು ಹುಡುಗಿ. ಅವರಿಗೆ ಬಂದ ವಿಷಯ ತಂತ್ರಾಂಶ ಪರೀಕ್ಷೆ. ಪರೀಕ್ಷೆ ಎಂದರೆ ನೀವು ಬರೆಯುವ ಪರೀಕ್ಷೆಯಲ್ಲ. ಪ್ರೋಗ್ರಾಂ ಎಲ್ಲಿ ಎಡವುತ್ತದೆ ಎಂದು, ಅದು ಜನರ ಕೈಗೆ ಹೋಗುವ ಮೊದಲೇ, ಬೇಕೆಂದೇ ಎಡವಿಸಿ ನೋಡುವುದು. ತರಗತಿಯಲ್ಲಿ ತೋರಿಸಲೆಂದು ಹುಡುಗರು ಬಸ್ ಪಾಸ್ ಕೊಡುವ ಪ್ರೋಗ್ರಾಂ ಬರೆದರು. ಎಡವಿಸುವ ಕೆಲಸ ಹುಡುಗಿಗೆ ಬಂತು.

ಅವಳು ಹುಟ್ಟಿದ ದಿನಾಂಕದ ಜಾಗದಲ್ಲಿ ಮುಂದಿನ ವರ್ಷವನ್ನು ಹಾಕಿದಳು. ಇನ್ನೂ ಹುಟ್ಟದ ಮಗುವಿಗೆ ಪಾಸು ಬಂತು. ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ಯಾರೂ ಅಲ್ಲದವರಿಗೂ ಪಾಸು ಬಂತು. ಹೀಗೆ ಹತ್ತೊಂಬತ್ತು ತಪ್ಪುಗಳು. ಅವಳು ತೋರಿಸಿದಳು, ಅವರು ಗೊಣಗುತ್ತ ತಿದ್ದಿದರು. ಕೊನೆಗೆ ಪ್ರೋಗ್ರಾಂ ನೆಟ್ಟಗಾಯಿತು.

ಸ್ಲೈಡುಗಳೆಲ್ಲ ಸಿದ್ಧವಾದಾಗ ಮೊದಲನೆಯದರಲ್ಲಿ ಮೂರೇ ಹೆಸರುಗಳಿದ್ದವು.

"ನನ್ನ ಹೆಸರು?" ಎಂದಳು ಹುಡುಗಿ.

ಗುಂಪಿನ ಮುಂದಾಳು ನಕ್ಕ. "ನೀನೇನು ಬರೆದೆ ಹೇಳು? ಅತ್ತೆ ಥರ ಕೂತು ತಪ್ಪು ಹುಡುಕಿದ್ದು ಬಿಟ್ಟರೆ? ಹೋಗಲಿ, ಕೊನೆಯಲ್ಲಿ ಧನ್ಯವಾದಗಳು ಅಂತ ಸ್ಲೈಡ್ ಇದೆಯಲ್ಲ, ಅದರ ಕೆಳಗೆ ಸಣ್ಣದಾಗಿ ಹಾಕೋಣ."

"ನಾನು ಏನೂ ಮಾಡಿಲ್ಲ ಅಂತ ತಾನೇ? ಹಾಗಾದರೆ ನಾನು ಮುಟ್ಟುವ ಮೊದಲಿನ ಪ್ರತಿಯನ್ನೇ ನಾಳೆ ತೋರಿಸು."

ಇಲ್ಲೊಂದು ವಿಷಯ ಹೇಳಬೇಕು. ಪ್ರೋಗ್ರಾಂ ಬರೆಯುವವರು ತಿದ್ದುವ ಮೊದಲು ಹಿಂದಿನ ಪ್ರತಿಯನ್ನು ಉಳಿಸಿಡುತ್ತಾರೆ. ತಿದ್ದಿದ್ದು ಕೆಟ್ಟರೆ ಹಿಂದಕ್ಕೆ ಹೋಗಬೇಕಲ್ಲ, ಅದಕ್ಕೆ. ಆ ಪ್ರತಿ ನಾಲ್ವರ ಬಳಿಯೂ ಇತ್ತು. ಮುಂದಾಳು ಅದನ್ನು ತೆರೆಯಲಿಲ್ಲ. ಹುಡುಗಿಯ ಹೆಸರನ್ನೂ ಹಾಕಲಿಲ್ಲ.

ಮರುದಿನ ಮೂವರು ಎದ್ದು ನಿಂತರು. ತಂತ್ರಾಂಶ ಪರೀಕ್ಷೆ ಎಂದರೇನು ಎಂದು ಒಬ್ಬ ಓದಿದ. ಅದರ ವಿಧಗಳೆಷ್ಟು ಎಂದು ಇನ್ನೊಬ್ಬ ಓದಿದ. ಮುಂದಾಳು ಪ್ರೋಗ್ರಾಂ ತೋರಿಸಲು ಹೊರಟಾಗ ಹುಡುಗಿ ಬೆಂಚಿನಿಂದೆದ್ದು ಮುಂದೆ ಬಂದಳು. ಕಂಪ್ಯೂಟರಿನಲ್ಲಿ ಹಳೆಯ ಪ್ರತಿಯನ್ನು ತೆರೆದಳು. ಹುಟ್ಟಿದ ದಿನಾಂಕಕ್ಕೆ ಮುಂದಿನ ವರ್ಷ ಹಾಕಿದಳು. ಪಾಸು ಬಂತು. ತರಗತಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಹೊಸ ಪ್ರತಿಯನ್ನು ತೆರೆದು ಅದೇ ದಿನಾಂಕ ಹಾಕಿದಳು. ಪಾಸು ಬರಲಿಲ್ಲ.

"ಈ ಎರಡರ ನಡುವೆ ನಡೆದದ್ದೇ ಪರೀಕ್ಷೆ. ಅದನ್ನು ಮಾಡಿದವಳು ನಾನು. ಸ್ಲೈಡಿನಲ್ಲಿ ನನ್ನ ಹೆಸರಿಲ್ಲ," ಎಂದು ಹೇಳಿ ತನ್ನ ಹೆಸರನ್ನು ಬೋರ್ಡಿನ ಮೇಲೆ ಬರೆದಳು. ದೊಡ್ಡದಾಗಿಯೇ ಬರೆದಳು.

ಕತೆ ಇಷ್ಟೇ. ದಾಕ್ಷಾಯಣಿ ಕೇಳಿದಳು:

"ಸರ್, ಹಾಗೆ ಮುಂದೆ ಬರಲು ಗುಂಪಿನವರು ಅವಳಿಗೆ ಒಪ್ಪಿಗೆ ಕೊಟ್ಟಿದ್ದರಾ?"

ವಿವರಿಸಬೇಕೆನಿಸಿತು. "ನೋಡಮ್ಮ, ಇದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು, ಒಪ್ಪಿಗೆ ಎಂಬುದು..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಕಚೇರಿಯ ಪರಸಪ್ಪ ಬಾಗಿಲಲ್ಲಿ ನಿಂತು, "ಸರ್, ಪ್ರಿನ್ಸಿಪಾಲರು ಕರೀತಿದಾರೆ, ಈಗಲೇ ಬರಬೇಕಂತೆ," ಎಂದ.

ಎದ್ದು ಹೊರಟವನು ಬಾಗಿಲ ಬಳಿ ತಿರುಗಿ ಹೇಳಿದೆ:

"ಅವಳು ಒಪ್ಪಿಗೆ ಕೇಳಿದಳು ಅಂತ ನಾನು ಹೇಳಲೇ ಇಲ್ಲವಲ್ಲ."