ಕಣ್ಣು ಒಳಗೆಳೆದುಕೊಂಡ ಏಡಿ

ಕೆರೆಯ ದಡದಲ್ಲಿ, ಕಾದ ಬಂಡೆಯ ಮೇಲೆ ಕೊಕ್ಕರೆಯೊಂದು ಆಟದ ಅಂಗಳ ತೆರೆಯಿತು. ಬಿದ್ದವರನ್ನು ಕುಕ್ಕುವ ಆಟವಾದ್ದರಿಂದ ‘ವಯಸ್ಕರಿಗೆ ಮಾತ್ರ’ ಎಂದು ಬೋರ್ಡನ್ನೂ ಹಾಕಿ, ಬಾಗಿಲಿಗೆ ಏಡಿಯನ್ನು ನೇಮಿಸಿತು. ಬಂದವರನ್ನೆಲ್ಲ ಏಡಿ, “ತಾವು ವಯಸ್ಕರೇ?” ಎಂದು ಕೇಳಬೇಕು. ಕೇಳುವ ಮೊದಲು ಅದು ಕಡ್ಡಿಯಂಥ ತನ್ನ ಎರಡೂ ಕಣ್ಣುಗಳನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುತ್ತಿತ್ತು.

ಒಂದು ದಿನ ಗೊದಮೊಟ್ಟೆಯೊಂದು ಬಂದು, “ವಯಸ್ಕನಾಗಿ ಎರಡು ವರ್ಷವಾಯಿತು” ಎಂದು ಬಾಲ ಅಲ್ಲಾಡಿಸಿತು.

“ದಯಮಾಡಿಸಿ” ಎಂದಿತು ಏಡಿ.

ಬಂಡೆಯ ಮೇಲೆ ಅರೆಜೀವವಾಗಿ ಒಣಗುತ್ತಿದ್ದ ಮಗುವನ್ನು ತಾಯಿ ಕಪ್ಪೆ ಹೇಗೋ ನೀರಿಗೆ ಎಳೆದು ತಂದು, ನೇರ ಬಾಗಿಲಿಗೆ ಬಂತು.

“ಏನಯ್ಯಾ, ಅಷ್ಟುದ್ದದ ಬಾಲ ನಿನಗೆ ಕಾಣಲಿಲ್ಲವೇ?”

“ನನ್ನದು ಕೇಳುವ ಕೆಲಸ ತಾಯಿ, ನೋಡುವ ಕೆಲಸವಲ್ಲ. ನೋಡುತ್ತ ಕೂತರೆ ಅರ್ಧ ಅಂಗಳ ಖಾಲಿಯಾಗುತ್ತೆ, ಯಜಮಾನರಿಗೆ ಸೇರೋದಿಲ್ಲ. ನಿಮ್ಮ ಮಗು ಸುಳ್ಳು ಹೇಳಿದರೆ ನಾನೇನು ಮಾಡಲಿ?”

“ಅದು ಸುಳ್ಳು ಹೇಳಿತು, ಸರಿ. ನೀನು ನಂಬಿದೆಯಾ?”

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿಯ ಹೆಜ್ಜೆ ಕೇಳಿಸಿತು. ಏಡಿ ಎಂದಿನಂತೆ ಕಣ್ಣು ಒಳಗೆಳೆದುಕೊಂಡು, “ತಾವು ವಯಸ್ಕರೇ?” ಎಂದಿತು.

“ಹೂಂ, ಹೌದು” ಎಂದಿತು ತೆಳುವಾದ ದನಿ.

ಏಡಿಯ ಕಣ್ಣುಗಳೆರಡೂ ಟಕ್ಕನೆ ಹೊರಬಂದವು. ಬೆಳಿಗ್ಗೆ ಬಿಲದಲ್ಲಿ ಮಲಗಿಸಿ ಬಂದಿದ್ದ, ಚಿಪ್ಪು ಇನ್ನೂ ಗಟ್ಟಿಯಾಗದ ತನ್ನ ಮರಿಯೇ ಎದುರಿಗಿತ್ತು.

“ನೀನು ಕೇಳಿದೆ, ನಾನು ಹೇಳಿದೆ. ಇನ್ನೇನು, ದಾರಿ ಬಿಡಪ್ಪಾ” ಎಂದಿತು ಮರಿ.

ಏಡಿ ಆಗಲೇ ಎರಡೂ ಕೊಂಡಿಗಳನ್ನು ಬಾಗಿಲಿಗೆ ಅಡ್ಡ ಚಾಚಿತ್ತು.