ಬೈರಿಗೆ ಮತ್ತು ಬಿಸಿ ಕಾಫಿ

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಟ್ಟುಪಾಡಿದೆ. ಗಿರಾಕಿ ಕೈಗೆತ್ತಿಕೊಂಡ ವಸ್ತುವನ್ನು ಕೆಳಗಿಡುವ ತನಕ ಇನ್ನೊಬ್ಬ ಅದರ ಬೆಲೆ ಕೇಳುವಂತಿಲ್ಲ.

ಬಡಗಿ ಮೋನಪ್ಪ ಬರುವಷ್ಟರಲ್ಲಿ, ಬಾಬಾಜಾನನ ಅಂಗಡಿ ಮುಂದೆ ಕಂಟ್ರಾಕ್ಟರ್ ಅನಂತಯ್ಯ ಬೈರಿಗೆಯೊಂದನ್ನು ಹಿಡಿದು ನಿಂತಿದ್ದರು. ಮರ ಕೊರೆಯುವ ಆ ಹಳೇ ಉಪಕರಣದ ಹಿಡಿಯ ಮೇಲೆ ಸಣ್ಣ ಮೀನಿನ ಗುರುತಿತ್ತು. ಅದು ಮೋನಪ್ಪನ ಅಪ್ಪ ಕೆತ್ತಿದ್ದು. ಬೈರಿಗೆ ಕಳವಾಗಿ ಎಷ್ಟೋ ವರ್ಷವಾಗಿತ್ತು.

“ಹಾಲ್ ಗೋಡೆಗೆ ನೇತುಹಾಕೋಕೆ ಬೇಕು. ಅರ್ಧ ಬೆಲೆಗೆ ಕೊಡೋ ತನಕ ಕೆಳಗಿಡಲ್ಲ,” ಎಂದರು ಅನಂತಯ್ಯ.

ಬಾಬಾಜಾನ್ ಬೆವರೊರೆಸಿಕೊಂಡ. ಮೋನಪ್ಪ ಎದುರಿನ ಹೋಟೆಲಿಗೆ ಹೋಗಿ, ಲೋಟ-ಬಟ್ಟಲಲ್ಲಿ ಹೊಗೆಯಾಡುವ ಕಾಫಿ ತಂದ. ಇವನಿಗೇನಾಯಿತು ಎಂದು ಅಕ್ಕಪಕ್ಕದವರು ಕತ್ತು ಚಾಚಿದರು.

“ಬಿಸಿಲಲ್ಲಿ ನಿಂತಿದ್ದೀರಿ ಸ್ವಾಮಿ, ಕುಡೀರಿ.”

ಮರ್ಯಾದೆಗೆ ಹಿಗ್ಗಿದ ಅನಂತಯ್ಯ ಒಂದು ಗುಟುಕು ಕುಡಿದರು. ತುಟಿ ಸುಟ್ಟಿತು. ಬೈರಿಗೆ ಕೆಳಗಿಟ್ಟು, ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸತೊಡಗಿದರು.

ಮೋನಪ್ಪ ಬೈರಿಗೆ ಎತ್ತಿಕೊಂಡ. “ಇದಕ್ಕೆಷ್ಟು, ಬಾಬಾಜಾನ್?”

ಕೇಳಿದಷ್ಟು ಕೊಟ್ಟು ಚೀಲಕ್ಕಿಳಿಸಿದ.

“ಏಯ್, ಅದು ನಾನು ಹಿಡಿದಿದ್ದು,” ಎಂದರು ಅನಂತಯ್ಯ, ಎರಡೂ ಕೈ ತುಂಬ ಕಾಫಿ ಹಿಡಿದು.

“ನಿಧಾನವಾಗಿ ಕುಡೀರಿ, ಸ್ವಾಮಿ. ಲೋಟ, ಬಟ್ಟಲು ಹೋಟೆಲಿನವು. ಅವನ್ನ ಮಾತ್ರ ಗೋಡೆಗೆ ನೇತುಹಾಕಬೇಡಿ.”