ಹೌದು ಎಂದ ಮೊಮ್ಮಗಳು

ಕೊಡಗಿನ ಗೃಹಿಣಿಯೊಬ್ಬರು ಗುರುಗಳ ಮುಂದೆ ಕುಳಿತು ಕೇಳಿದರು: "ನಮ್ಮದು ಐದು ತಲೆಮಾರಿನಿಂದ ಹೆಸರುಳ್ಳ ಮನೆತನ. ನನ್ನ ಅಜ್ಜ ಸುಬೇದಾರರು, ಮಾವನವರು ಹೆಡ್‌ಮಾಸ್ಟರು. ನಮ್ಮತ್ತ ಬೆರಳು ತೋರಿಸಿದವರಿಲ್ಲ. ಮಗಳ ಇಂಗ್ಲಿಷ್ ಕೆಡುತ್ತದೆಂದು, ಅವಳೊಡನೆ ಕೊಡವ ಭಾಷೆ ಆಡಬೇಡಿ ಎಂದು ಅತ್ತೆಗೆ ಹೇಳಿದೆ. ಅಂದಿನಿಂದ ಅವರು ಮಗುವಿನೊಡನೆ ಮಾತೇ ಆಡುವುದಿಲ್ಲ. ಮಗುವಿನ ಒಳಿತಿಗೆ ಹೇಳಿದ್ದು ತಪ್ಪೇ?"

ಗುರುಗಳು ಹೇಳಿದರು:

"ಪೂರ್ವ ಆಫ್ರಿಕದ ಒಂದು ಬೆಟ್ಟದಲ್ಲಿ ಜೇನು ಸಾಕುವ ಜನರಿದ್ದರು. ಅವರ ಭಾಷೆ ಆಡುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಸಂತೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಸ್ವಾಹಿಲಿ. ಅಲ್ಲಿ ಒಬ್ಬ ತಾಯಿ ತನ್ನ ಅತ್ತೆಗೆ, 'ಮಗುವಿನೊಡನೆ ನಮ್ಮ ಭಾಷೆ ಬೇಡ. ಶಾಲೆಯಲ್ಲಿ ನಗುತ್ತಾರೆ' ಎಂದಳು.

'ಆಗಲಿ. ನನಗೆ ಬರುವ ಸ್ವಾಹಿಲಿ ಮೂರು ಮಾತು. ಬಾ, ತಿನ್ನು, ಮಲಗು. ನಮ್ಮ ಮೇಕೆಗೂ ನಾನು ಇಷ್ಟೇ ಹೇಳುವುದು' ಎಂದಳು ಮುದುಕಿ. ಹಾಗೆಯೇ ನಡೆದುಕೊಂಡಳು.

ಆ ಮನೆಯ ಅನ್ನ ಕಾಡಿನ ಜೇನಿನಿಂದ. ಗೂಡು ಕಟ್ಟಿದ ಮರಗಳ ದಾರಿ ಮುದುಕಿಗೆ ಮಾತ್ರ ಗೊತ್ತು. ಅಜ್ಜಿ ಅದನ್ನು ಮೊಮ್ಮಗಳೊಬ್ಬಳಿಗೇ, ಒಂದೇ ಸಲ ಹೇಳಬೇಕು. ಮೊಮ್ಮಗಳು ಒಂದೊಂದು ಮರಕ್ಕೂ ಹೌದು ಎನ್ನಬೇಕು. ಅದು ಅವರ ಪದ್ಧತಿ.

ತಾಯಿ ಸಂತೆಗೆ ಹೋಗಿದ್ದಾಗ ಮುದುಕಿಗೆ ಜ್ವರ ಏರಿತು. ಇನ್ನು ತಡೆಯುವಂತಿಲ್ಲ ಎಂದು ಅವಳು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡಳು. ಸುದ್ದಿ ತಿಳಿದು ತಾಯಿ ಬೆಟ್ಟ ಹತ್ತಿ ಓಡಿಬಂದಳು. ಮರಗಳನ್ನು ಹೇಳಿದಿರಾ ಎಂದು ಕೇಳಿದಳು.

'ಇಪ್ಪತ್ತೇಳನ್ನೂ ಹೇಳಿದೆ. ಇಪ್ಪತ್ತೇಳಕ್ಕೂ ಹೌದಜ್ಜಿ ಎಂದಳು. ನಿನ್ನ ಕಣ್ಣು ತಪ್ಪಿಸಿ ನಮ್ಮ ಮಾತು ಯಾವಾಗ ಕಲಿತಳೋ, ಕಳ್ಳಿ' ಎಂದು ಮುದುಕಿ ನಕ್ಕಳು.

ತಾಯಿ ಮಗಳ ಕಡೆ ತಿರುಗಿ, ಮೊದಲನೆಯ ಮರ ಯಾವುದು ಎಂದು ಸ್ವಾಹಿಲಿಯಲ್ಲಿ ಕೇಳಿದಳು.

'ಗೊತ್ತಿಲ್ಲಮ್ಮ. ಹಿರಿಯರು ಮಾತಾಡಿದರೆ ಹೌದು ಅನ್ನಬೇಕು ಅಂತ ನೀನೇ ಹೇಳಿಕೊಟ್ಟಿದ್ದೆ.'

ಸಂಜೆಯವರೆಗೆ ಮುದುಕಿಗೆ ಉಸಿರಿತ್ತು. ಪದ್ಧತಿ ಮೀರಿ ಮತ್ತೆ ಹೇಳುತ್ತಿದ್ದಳೋ ಏನೋ. ಆದರೆ, ತಪ್ಪು ನನ್ನದು ಅತ್ತೆ, ಮಗುವಿಗೆ ಏನೂ ತಿಳಿದಿಲ್ಲ ಎಂದು ಹೇಳಲು ಆ ತಾಯಿಗೆ ಬಾಯಿ ಬರಲಿಲ್ಲ. ಪಕ್ಕದಲ್ಲೇ ಕುಳಿತಿದ್ದಳು. ದೀಪ ಹಚ್ಚುವ ಮೊದಲೇ ಮುದುಕಿ ತೀರಿಕೊಂಡಳು."

ಗೃಹಿಣಿ ಸೆರಗು ಸರಿಮಾಡಿಕೊಂಡು, "ಅವಳೂ ಮಗುವಿನ ಒಳಿತಿಗೇ ಹೇಳಿದ್ದಲ್ಲವೇ?" ಎಂದರು.

"ಹೌದು ತಾಯಿ. ಈಗ ಮನೆಗೆ ಹೋಗಿ ನಿಮ್ಮ ಅತ್ತೆಯ ಕ್ಷಮೆ ಕೇಳಿ."